ಕೊನೇ ಕಾಲಂ: ಒಬ್ಬ ಬಫಲೋ ಬಿಲ್ಸ್ ಅಭಿಮಾನಿಯ ನೋಟ್‌ಬುಕ್

ಇದು ಬಫಲೋ ಬಿಲ್ಸ್ ಅನ್ನುವ ಅಮೆರಿಕನ್ ಫುಟ್‌ಬಾಲ್ ತಂಡದ ಒಬ್ಬ ಅಭಿಮಾನಿಯ ಪ್ರಕರಣ. ಅವರು ಮೈಸೂರಿನವರು. ಈಗ ಇರುವುದು ನ್ಯೂಯಾರ್ಕ್ ರಾಜ್ಯದ ಪಶ್ಚಿಮಕ್ಕೆ, ರಾಚೆಸ್ಟರ್ ಕಡೆ. ಗೆಳೆಯರೆಲ್ಲ ಅವರನ್ನು ‘ಭಾವ’ ಅಂತ ಕರೆಯುತ್ತೇವೆ, ಇಲ್ಲೂ ಹಾಗೇ ಕರೆಯುತ್ತೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಮನೆ, ಕೆಲಸದ ವಿವರ ಬಿಟ್ಟಿದ್ದೇನೆ. ಪಂದ್ಯ, ಆಟಗಾರರು, ಅಂಕಿಗಳು ಮಾತ್ರ ನಡೆದದ್ದು ನಡೆದ ಹಾಗೆ.

ಭಾವ ಒಬ್ಬ ಹುಡುಗನ ಬಗ್ಗೆ ಒಂದು ತೀರ್ಮಾನಕ್ಕೆ ಬಂದಿದ್ದರು. ಅದು ತಪ್ಪಾಯಿತು. ತಪ್ಪು ತಿದ್ದಿಕೊಂಡರು. ತಿದ್ದಿಕೊಂಡ ಮೇಲೆ ಇನ್ನೊಂದು ತಪ್ಪು ಮಾಡಿದರು. ಎಳೆಯ ಆಟಗಾರರ ಬಗ್ಗೆ ಬಾಯಿಗೆ ಬಂದ ಹಾಗೆ ಮಾತಾಡುವುದು ನಮಗೆಲ್ಲ ಇರುವ ಅಭ್ಯಾಸವೇ ಅಲ್ವಾ? ಆದರೆ ಭಾವ ತಮ್ಮ ಮಾತನ್ನೆಲ್ಲ ಬರೆದಿಟ್ಟಿದ್ದರು. ಹಾಗಾಗಿ ಎಲ್ಲಿ ಎಡವಿದರು ಅಂತ ತಾರೀಕು ಸಮೇತ ನೋಡಬಹುದು.

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಎರಡು ಮಾತು. ಕ್ವಾರ್ಟರ್‌ಬ್ಯಾಕ್ ಅಂದರೆ ಪ್ರತಿ ಸಲವೂ ಚೆಂಡು ಮೊದಲು ಕೈಗೆ ಬರುವ ಆಟಗಾರ. ಎದುರಿಗೆ ತನ್ನದೇ ತಂಡದ ಐವರು ದೈತ್ಯರು ಗೋಡೆ ಕಟ್ಟಿರುತ್ತಾರೆ. ಆ ಗೋಡೆ ಮೂರು ಸೆಕೆಂಡು ನಿಂತರೆ ಪುಣ್ಯ. ಅಷ್ಟರಲ್ಲಿ ಎದುರಾಳಿಗಳು ಎಲ್ಲೆಲ್ಲಿ ನಿಂತಿದ್ದಾರೆ ಅಂತ ಓದಬೇಕು. ಓಡುತ್ತಿರುವ ತನ್ನವರಲ್ಲಿ ಒಬ್ಬನನ್ನು ಆರಿಸಬೇಕು. ಅವನು ಈಗ ಇರುವ ಕಡೆಗಲ್ಲ, ಮುಂದೆ ತಲುಪಲಿರುವ ಕಡೆಗೆ ಚೆಂಡು ಎಸೆಯಬೇಕು.

ಹಿನ್ನೆಲೆ

ಭಾವ ಅಲ್ಲಿಗೆ ಹೋಗಿದ್ದು 2004ರಲ್ಲಿ. ಅದೇ ವರ್ಷ ಬಿಲ್ಸ್ ತಂಡ ಡ್ರಾಫ್ಟ್‌ನ (ಕಾಲೇಜು ಆಟಗಾರರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುವುದು) ಮೊದಲ ಸುತ್ತಿನಲ್ಲಿ ಜೆ.ಪಿ. ಲಾಸ್‌ಮನ್ ಅನ್ನುವ ಕ್ವಾರ್ಟರ್‌ಬ್ಯಾಕ್‌ನನ್ನು ತಂದಿತ್ತು. ಇವನೇ ಮುಂದಿನ ಜಿಮ್ ಕೆಲ್ಲಿ ಅಂತ ಆಫೀಸಿನಲ್ಲಿ ಮಾತಾಗುತ್ತಿತ್ತಂತೆ. 1990ರ ದಶಕದ ಶುರುವಿನಲ್ಲಿ ತಂಡವನ್ನು ಸತತ 4 ಸಲ ಸೂಪರ್ ಬೌಲ್‌ಗೆ, ಅಂದರೆ ಲೀಗಿನ ಫೈನಲ್‌ಗೆ, ಕರೆದೊಯ್ದವರು ಕೆಲ್ಲಿ. ನಾಲ್ಕೂ ಸೋತರು, ಆದರೂ ಆ ಊರಿಗೆ ಅವರು ದೇವರ ಸಮಾನ. ಲಾಸ್‌ಮನ್ ಕೆಲ್ಲಿ ಆಗಲಿಲ್ಲ. ಆಮೇಲೆ ಟ್ರೆಂಟ್ ಎಡ್ವರ್ಡ್ಸ್ ಬಂದ, ರಯಾನ್ ಫಿಟ್ಸ್‌ಪ್ಯಾಟ್ರಿಕ್ ಬಂದ, ಇ.ಜೆ. ಮ್ಯಾನುಯೆಲ್ ಬಂದ, ಟೈರಾಡ್ ಟೇಲರ್ ಬಂದ. 2000ದಿಂದ ಹಿಡಿದು ಒಟ್ಟು 17 ಸೀಸನ್ ಪ್ಲೇಆಫ್ ಇಲ್ಲ.

ಆ ಬರ ಮುಗಿದದ್ದು 2017ರ ಡಿಸೆಂಬರ್ 31ಕ್ಕೆ. ಬೇರೆ ಊರಿನ ಪಂದ್ಯದಲ್ಲಿ ಸಿನ್ಸಿನಾಟಿಯ ಆ್ಯಂಡಿ ಡಾಲ್ಟನ್ ಕೊನೇ ನಿಮಿಷದಲ್ಲಿ ಒಂದು ಟಚ್‌ಡೌನ್ (ಎದುರಾಳಿಯ ಕೊನೇ ಗೆರೆ ದಾಟಿಸಿ ಗಳಿಸುವ 6 ಅಂಕ) ಎಸೆದ. ಬಾಲ್ಟಿಮೋರ್ ಸೋತಿತು, ಬಫಲೋಗೆ ಬಾಗಿಲು ತೆರೆಯಿತು. ಬಿಲ್ಸ್ ಅಭಿಮಾನಿಗಳು ಖುಷಿಗೆ ಡಾಲ್ಟನ್‌ನ ದತ್ತಿ ಸಂಸ್ಥೆಗೆ ದುಡ್ಡು ಕಳಿಸಿದರು. ಭಾವನೂ ಕಳಿಸಿದರು. ಅಷ್ಟು ಹಸಿದ ಜನ ಅದು.

ಆ ಹಸಿವಿನ ಜೊತೆಗೊಂದು ಕೊರಗೂ ಇತ್ತು. 2017ರ ಡ್ರಾಫ್ಟ್‌ನಲ್ಲಿ ಬಿಲ್ಸ್ ತನ್ನ 10ನೇ ಆಯ್ಕೆಯನ್ನು ಕ್ಯಾನ್ಸಸ್ ಸಿಟಿಗೆ ಬಿಟ್ಟುಕೊಟ್ಟಿತ್ತು. ಅವರು ಅದರಲ್ಲಿ ಪ್ಯಾಟ್ರಿಕ್ ಮಹೋಮ್ಸ್‌ನನ್ನು ಆರಿಸಿಕೊಂಡರು. ಮಹೋಮ್ಸ್ ಒಂದು ವರ್ಷ ಅಲೆಕ್ಸ್ ಸ್ಮಿತ್ ಹಿಂದೆ ಕೂತು ಕಲಿತ. ಎರಡನೇ ವರ್ಷವೇ ಲೀಗಿನ ಅತ್ಯುತ್ತಮ ಆಟಗಾರನಾದ.

ಸಮಸ್ಯೆ

2018ರಲ್ಲಿ ಬಿಲ್ಸ್ ಡ್ರಾಫ್ಟ್ ಸರದಿಯಲ್ಲಿ 12ರಿಂದ 7ಕ್ಕೆ ಮೇಲೇರಿ ಜಾಶ್ ಆ್ಯಲನ್‌ನನ್ನು ಆರಿಸಿತು. ಕ್ಯಾಲಿಫೋರ್ನಿಯಾದ ಫೈರ್‌ಬಾ ಅನ್ನುವ ಸಣ್ಣ ಊರಿನ ಹುಡುಗ. ಮೊದಲು ಸಮುದಾಯ ಕಾಲೇಜು, ಆಮೇಲೆ ವಯೋಮಿಂಗ್ ವಿಶ್ವವಿದ್ಯಾಲಯ. ತೋಳು ಅಂದರೆ ತೋಪು. ಆದರೆ ಕಾಲೇಜಿನಲ್ಲೇ ಅವನ ಪಾಸ್‌ಗಳು ಗುರಿ ಮುಟ್ಟುತ್ತಿದ್ದದ್ದು ನೂರಕ್ಕೆ 56ರ ಆಸುಪಾಸು. ಭಾವನಿಗೆ ಬೇಕಿದ್ದದ್ದು ಜಾಶ್ ರೋಸೆನ್. ಅವನ ಎಸೆತ ಅಚ್ಚುಕಟ್ಟು, ಪಠ್ಯಪುಸ್ತಕದ ಹಾಗೆ. ರೋಸೆನ್ 10ನೇ ಆಯ್ಕೆಯಾಗಿ ಅರಿಜೋನಾಗೆ ಹೋದ.

ಆ ರಾತ್ರಿ ಭಾವ ನೋಟ್‌ಬುಕ್ ತೆಗೆದು ಬರೆದರು: ‘ಗುರಿ ಅನ್ನೋದು ಹುಟ್ಟಿನಿಂದ ಬರಬೇಕು. ಕಲಿಸಿದರೆ ಬರಲ್ಲ.’ ಕೆಳಗೆ ಎರಡು ಗೆರೆ ಎಳೆದರು. ಇದು ಅವರೊಬ್ಬರ ಅಭಿಪ್ರಾಯವೇನಲ್ಲ. ಆಟ ಬಲ್ಲ ಬಹಳ ಮಂದಿ ಹಾಗೇ ಹೇಳುತ್ತಿದ್ದರು.

ನೋಟ್‌ಬುಕ್ ನಾನು ಕಣ್ಣಾರೆ ನೋಡಿದ್ದೇನೆ. ಉದ್ದನೆ ಲೆಕ್ಕದ ಪುಸ್ತಕ, ಕೆಂಪು ಬೈಂಡು. ಪ್ರತಿ ಪಂದ್ಯಕ್ಕೆ ಒಂದು ಸಾಲು. ತಾರೀಕು, ಸ್ಕೋರ್, ಎಷ್ಟು ಪಾಸ್ ಎಸೆದ, ಎಷ್ಟು ಮುಟ್ಟಿತು, ಎಷ್ಟು ಎದುರಾಳಿ ಕೈ ಸೇರಿತು. ಕೊನೇ ಕಾಲಂನಲ್ಲಿ ಭಾವ ಕೊಟ್ಟ ಮಾರ್ಕು, ಹತ್ತಕ್ಕೆ ಇಷ್ಟು.

ಮೊದಲ ಪುಟವೇ ಸಂಕಟ. ಮೊದಲ ಪಂದ್ಯ ಬಾಲ್ಟಿಮೋರ್ ಎದುರು, 47-3 ಸೋಲು. ಶುರು ಮಾಡಿದ್ದ ನೇಥನ್ ಪೀಟರ್‌ಮನ್‌ನನ್ನು ಮಧ್ಯದಲ್ಲೇ ಇಳಿಸಿ ಆ್ಯಲನ್‌ನನ್ನು ಕಳಿಸಿದರು. ಸೆಪ್ಟೆಂಬರ್ 16ರಂದು ಮೊದಲಿನಿಂದಲೇ ಆಡಿದ ಮೊದಲ ಪಂದ್ಯ, ಚಾರ್ಜರ್ಸ್ ಎದುರು. ಸೋಲು. ತಂಡದ ಒಬ್ಬ ಹಿರಿಯ ಆಟಗಾರ ಅವತ್ತು ಅರ್ಧ ವಿರಾಮದಲ್ಲೇ ನಿವೃತ್ತಿ ಹೇಳಿ ಮನೆಗೆ ಹೋದ. ಮುಂದಿನ ವಾರ ಮಿನೆಸೋಟಾದಲ್ಲಿ 27-6 ಗೆಲುವು, ಭಾವನ ಮಾರ್ಕು 9. ಅದರ ಮುಂದಿನ ವಾರ ಗ್ರೀನ್ ಬೇಯಲ್ಲಿ 22-0 ಸೋಲು. 33 ಪಾಸ್‌ನಲ್ಲಿ 16 ಮುಟ್ಟಿತು, 2 ಎದುರಾಳಿ ಕೈಗೆ. 7 ಸಲ ಅವನನ್ನು ಚೆಂಡಿನ ಸಮೇತ ಕೆಡವಿದರು. ಮಾರ್ಕು 2.

ಒಂದೇ ವಾರದಲ್ಲಿ 9ರಿಂದ 2. ಇಲ್ಲೇ ತಪ್ಪಿದೆ, ಆದರೆ ಅವತ್ತು ಯಾರಿಗೂ ಕಾಣಲಿಲ್ಲ. ಭಾವ ಕ್ರಿಕೆಟ್ ನೋಡಿ ಬೆಳೆದವರು. ಬ್ಯಾಟ್ಸ್‌ಮನ್ ಮುಂದಿರುವುದು ಒಂದು ಚೆಂಡು, ಕೈಯಲ್ಲಿರುವುದು ಒಂದು ಬ್ಯಾಟು. ಅವನ ರನ್ನು ಬಹುಪಾಲು ಅವನದೇ. ಕ್ವಾರ್ಟರ್‌ಬ್ಯಾಕ್ ಲೆಕ್ಕ ಹಾಗಲ್ಲ. ಗೋಡೆ ನಿಲ್ಲಬೇಕು, ಓಡುವವನು ಸರಿಯಾದ ಜಾಗಕ್ಕೆ ತಿರುಗಬೇಕು, ಹಿಡಿಯಬೇಕು. ಅದೆಲ್ಲ ಸೇರಿದ ಮೊತ್ತವನ್ನು ಭಾವ ಒಬ್ಬನ ತಲೆಗೆ ಕಟ್ಟುತ್ತಿದ್ದರು.

ಆ ವರ್ಷ ಬಿಲ್ಸ್ ಗೋಡೆ ಹೇಗಿತ್ತು? ಗೋಡೆಯ ನಡುವೆ ನಿಲ್ಲುವ ಸೆಂಟರ್ ಎರಿಕ್ ವುಡ್ ಕುತ್ತಿಗೆ ತೊಂದರೆಯಿಂದ ಆಟ ಬಿಟ್ಟಿದ್ದ. ರಿಚೀ ಇನ್‌ಕಾಗ್ನಿಟೊ ನಿವೃತ್ತಿ ಅಂದಿದ್ದ. ಕಾರ್ಡಿ ಗ್ಲೆನ್‌ನನ್ನು ತಂಡವೇ ಸಿನ್ಸಿನಾಟಿಗೆ ಕೊಟ್ಟಿತ್ತು. ಐವರಲ್ಲಿ ಮೂವರು ಹೋಗಿದ್ದರು. ಭಾವನಿಗೆ ಇದು ಗೊತ್ತಿತ್ತು. ಆದರೂ ನೋಟ್‌ಬುಕ್‌ನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ಮಗ ಕೇಳಿದ ಪ್ರಶ್ನೆ

ಗ್ರೀನ್ ಬೇ ಪಂದ್ಯದ ದಿನ ನಾನು ಅವರ ಮನೆಯಲ್ಲೇ ಇದ್ದೆ. ಅಕ್ಕ ಚುರುಮುರಿ ಕಲೆಸಿ ಕೊಟ್ಟಿದ್ದರು, ಯಾರೂ ಮುಟ್ಟಿರಲಿಲ್ಲ. ಚೆಂಡು ಎದುರಾಳಿ ಕೈ ಸೇರಿದಾಗ ಭಾವ ಎದ್ದು ನಿಂತು ‘ಯಾಕಪ್ಪಾ ಅಲ್ಲಿಗೆ ಎಸೀತೀಯಾ!’ ಅಂದರು. ಕಾರ್ಪೆಟ್ ಮೇಲೆ ಬಿದ್ದುಕೊಂಡಿದ್ದ ಮಗ ತಲೆ ಎತ್ತಿ ಕೇಳಿದ: ‘ಮತ್ತೆ ಯಾರಿಗೆ ಎಸೀಬೇಕಿತ್ತು, ಅಪ್ಪ?’

ಹುಡುಗ ಚುಚ್ಚಲು ಕೇಳಿದ್ದಲ್ಲ. ನಿಜವಾಗಿ ತಿಳಿಯಬೇಕಿತ್ತು. ಭಾವ ಬಾಯಿ ತೆರೆದರು, ಉತ್ತರ ಬರಲಿಲ್ಲ. ಯಾಕೆಂದರೆ ಟಿವಿಯಲ್ಲಿ ಅದು ಕಾಣುವುದೇ ಇಲ್ಲ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಚೆಂಡು ಹಿಡಿಯಲು ದೂರ ಓಡುತ್ತಿರುವ ರಿಸೀವರ್‌ಗಳು, ಅವರ ಬೆನ್ನು ಹತ್ತಿದವರು, ಹಿಂದೆ ಕಾವಲಿರುವ ಸೇಫ್ಟಿಗಳು, ಎಲ್ಲ ಪರದೆಯಿಂದ ಆಚೆ. ಹದಿನಾಲ್ಕು ವರ್ಷದಿಂದ ಭಾವ ಅರ್ಧ ಮೈದಾನ ನೋಡಿ ಪೂರ್ತಿ ತೀರ್ಪು ಕೊಡುತ್ತಿದ್ದರು.

ಇಡೀ ಪ್ರಕರಣದ ಮೊದಲ ತಿರುವು ಇದೇ ಅಂತ ನಾನು ಹೇಳುತ್ತೇನೆ. ಭಾವ ಅವತ್ತು ಮಗನಿಗೆ ‘ಗೊತ್ತಿಲ್ಲ ಕಣೋ, ನೋಡೋಣ’ ಅಂದರು. ದೊಡ್ಡವರ ಬಾಯಲ್ಲಿ ಆ ಮಾತು ಬರುವುದು ಕಷ್ಟ.

ಮಾಡಿ ನೋಡಿದ್ದು

ಆಲ್-22 ಅಂತ ಒಂದು ಚಿತ್ರ ಇರುತ್ತದೆ. ಎತ್ತರದಿಂದ ತೆಗೆದದ್ದು, 22 ಜನರೂ ಒಟ್ಟಿಗೆ ಕಾಣುತ್ತಾರೆ. ಕೋಚ್‌ಗಳು ನೋಡುವುದು ಅದನ್ನೇ. ಆಗ ಲೀಗಿನ ಗೇಮ್ ಪಾಸ್ ಚಂದಾ ಕಟ್ಟಿದರೆ ಪಂದ್ಯ ಮುಗಿದು ಸ್ವಲ್ಪ ದಿನಕ್ಕೆ ಅದು ಸಿಗುತ್ತಿತ್ತು. ಭಾವ ಚಂದಾ ಕಟ್ಟಿದರು. ವಾರದ ಮಧ್ಯೆ ಒಂದು ಸಂಜೆ ಅಪ್ಪ ಮಗ ಲ್ಯಾಪ್‌ಟಾಪ್ ಮುಂದೆ ಕೂರುವುದು ಶುರುವಾಯಿತು. ಮಗನ ಕೈಯಲ್ಲಿ ಸ್ಟಾಪ್‌ವಾಚು.

ಗ್ರೀನ್ ಬೇ ಪಂದ್ಯವನ್ನೇ ಮೊದಲು ನೋಡಿದರು. ಏಳು ಸಲ ಬಿದ್ದದ್ದರಲ್ಲಿ ಕೆಲವು ಪೂರ್ತಿ ಗೋಡೆಯ ತಪ್ಪು. ಚೆಂಡು ಕೈಗೆ ಬರುವಷ್ಟರಲ್ಲಿ ಎದುರಾಳಿ ಎದೆ ಮೇಲೆ. ಇನ್ನು ಕೆಲವು ಹುಡುಗನದೇ. ಹತ್ತಿರದಲ್ಲಿ ಒಬ್ಬ ಬಿಡುವಾಗಿದ್ದಾನೆ, ಇವನು ದೂರದ ದೊಡ್ಡ ಎಸೆತಕ್ಕೆ ಕಾಯುತ್ತಾ ಚೆಂಡು ಹಿಡಿದೇ ನಿಂತಿದ್ದಾನೆ. ಅದು ಗುರಿಯ ಸಮಸ್ಯೆ ಅಲ್ಲ, ಆಯ್ಕೆಯ ಸಮಸ್ಯೆ. ಈ ಎರಡನ್ನು ಬೇರೆ ಬೇರೆ ಮಾಡಿ ನೋಡಿದ್ದೇ ಭಾವನ ದೊಡ್ಡ ಗಳಿಕೆ.

ಹೊಸ ನೋಟ್‌ಬುಕ್ ಬಂತು. ಮಾರ್ಕು ಹೋಯಿತು. ಸ್ಕೋರೂ ಹೋಯಿತು. ಈಗ ಒಂದು ಪಂದ್ಯಕ್ಕೆ ಒಂದು ಸಾಲಲ್ಲ, ಒಂದು ತಪ್ಪಿಗೆ ಒಂದು ಸಾಲು. ಎದುರಾಳಿ ಏನು ತಂತ್ರ ಹೂಡಿದ್ದ, ಹುಡುಗ ಮೊದಲು ಎಲ್ಲಿ ನೋಡಿದ, ಯಾರು ಬಿಡುವಾಗಿದ್ದರು, ಕೊನೆಗೆ ಏನು ಮಾಡಿದ. ಕೊನೇ ಕಾಲಂಗೆ ಮಗ ಹೆಸರಿಟ್ಟ: ‘ಹಿಂದೆ ಇದೇ ಬಂದಿತ್ತಾ?’

ಆ ಸೀಸನ್ ಮುಗಿದಾಗ ಅಂಕಿ ಕೆಟ್ಟದಾಗಿಯೇ ಇತ್ತು. ಆ್ಯಲನ್ ನೂರಕ್ಕೆ 52.8 ಪಾಸ್ ಮುಟ್ಟಿಸಿದ್ದ. 10 ಟಚ್‌ಡೌನ್, 12 ಇಂಟರ್‌ಸೆಪ್ಷನ್ (ಎದುರಾಳಿ ಕೈ ಸೇರಿದ ಪಾಸ್). ನಡುವೆ ಮೊಣಕೈ ಪೆಟ್ಟಾಗಿ ಕೆಲವು ವಾರ ಹೊರಗೆ. ತಂಡ 6 ಗೆದ್ದು 10 ಸೋತಿತು.

ತಂಡದವರು ಏನು ಮಾಡಿದರು ಅನ್ನುವುದನ್ನೂ ಇಲ್ಲೇ ಹೇಳಬೇಕು. ಮುಖ್ಯ ಕೋಚ್ ಶಾನ್ ಮೆಕ್‌ಡರ್ಮಟ್, ಜನರಲ್ ಮ್ಯಾನೇಜರ್ ಬ್ರ್ಯಾಂಡನ್ ಬೀನ್ ಇಬ್ಬರೂ ಹುಡುಗನನ್ನು ಬದಲಿಸಲಿಲ್ಲ, ಸುತ್ತಲಿನದನ್ನು ಬದಲಿಸಿದರು. 2019ಕ್ಕೆ ಹೊಸ ಸೆಂಟರ್ ಮಿಚ್ ಮೋರ್ಸ್ ಬಂದ, ಗೋಡೆ ಹೆಚ್ಚುಕಡಿಮೆ ಪೂರ್ತಿ ಹೊಸದಾಯಿತು. ಜಾನ್ ಬ್ರೌನ್, ಕೋಲ್ ಬೀಸ್ಲಿ ಅನ್ನುವ ಇಬ್ಬರು ಅನುಭವಿ ರಿಸೀವರ್‌ಗಳು ಬಂದರು. ಆಕ್ರಮಣ ಹೆಣೆಯುವ ಬ್ರಯಾನ್ ಡೇಬಲ್ ಅಲ್ಲೇ ಉಳಿದರು, ಒಟ್ಟು ನಾಲ್ಕು ವರ್ಷ. ಹುಡುಗ ವರ್ಷಕ್ಕೊಂದು ಹೊಸ ಭಾಷೆ ಕಲಿಯಬೇಕಾಗಿ ಬರಲಿಲ್ಲ.

ಅದೇ ಹೊತ್ತಿಗೆ ಭಾವನ ಮೆಚ್ಚಿನ ರೋಸೆನ್‌ಗೆ ಅರಿಜೋನಾದಲ್ಲಿ ಏನಾಯಿತು ನೋಡಿ. ಮೊದಲ ಸೀಸನ್ ಮಧ್ಯದಲ್ಲೇ ಆಕ್ರಮಣದ ಕೋಚ್ ಹೋದರು. ಸೀಸನ್ ಮುಗಿದ ಮೇಲೆ ಮುಖ್ಯ ಕೋಚೂ ಹೋದರು. ಹೊಸಬರು ಕೈಲರ್ ಮರ್ರಿಯನ್ನು ಆರಿಸಿಕೊಂಡು ರೋಸೆನ್‌ನನ್ನು ಮಯಾಮಿಗೆ ಕೊಟ್ಟರು. ಎಲ್ಲೂ ಅವನು ಬೇರು ಬಿಡಲಿಲ್ಲ. ಅಚ್ಚುಕಟ್ಟಾದ ಎಸೆತ ಒಂದೇ ಇದ್ದು ಏನು ಮಾಡುವುದು?

2019ರ ಬೇಸಿಗೆಯಲ್ಲಿ ಭಾವ ಮಗನನ್ನು ತರಬೇತಿ ಶಿಬಿರಕ್ಕೆ ಕರೆದುಕೊಂಡು ಹೋದರು. ಆಗ ಅದು ನಡೆಯುತ್ತಿದ್ದದ್ದು ರಾಚೆಸ್ಟರ್ ಪಕ್ಕದ ಪಿಟ್ಸ್‌ಫರ್ಡ್‌ನಲ್ಲಿ, ಸೇಂಟ್ ಜಾನ್ ಫಿಶರ್ ಕಾಲೇಜಿನ ಮೈದಾನದಲ್ಲಿ. ಜನ ಉದ್ದ ಎಸೆತಕ್ಕೆ ಕೂಗುತ್ತಿದ್ದರು. ಭಾವ ಕಾಲು ನೋಡುತ್ತಿದ್ದರು. ಆ್ಯಲನ್ ಸೀಸನ್ ಇಲ್ಲದ ತಿಂಗಳಲ್ಲಿ ಜೋರ್ಡನ್ ಪಾಮರ್ ಅನ್ನುವ ಹಳೇ ಕ್ವಾರ್ಟರ್‌ಬ್ಯಾಕ್ ಜೊತೆ ಎಸೆತ ತಿದ್ದಿಕೊಳ್ಳುತ್ತಿದ್ದ. ಎಸೆತ ತೋಳಿನಿಂದ ಶುರುವಾಗುವುದಿಲ್ಲ. ಪಾದ ಊರಬೇಕು, ಸೊಂಟ ತಿರುಗಬೇಕು, ಆಮೇಲೆ ಭುಜ. ತೋಳು ಬಲವಾಗಿದ್ದವನು ಕಾಲನ್ನು ಮರೆತೇ ಎಸೆಯುತ್ತಾನೆ, ಚೆಂಡು ತಲೆ ಮೇಲೆ ಹೋಗುತ್ತದೆ. ‘ಗುರಿ ಕಲಿಸಿದರೆ ಬರಲ್ಲ’ ಅಂತ ಬರೆದವರು ಬೇಲಿ ಹಿಡಿದು ನಿಂತು ಗುರಿ ಎಲ್ಲಿಂದ ಬರುತ್ತದೆ ಅಂತ ನೋಡಿದರು.

ಏನಾಯಿತು

2019ರ ಸೆಪ್ಟೆಂಬರ್ 29, ನ್ಯೂ ಇಂಗ್ಲೆಂಡ್ ಎದುರು. ಆ್ಯಲನ್ 3 ಇಂಟರ್‌ಸೆಪ್ಷನ್ ಎಸೆದ. ಕೊನೆಗೆ ತಲೆಗೆ ಪೆಟ್ಟಾಗಿ ಹೊರಗೆ ಹೋದ. 16-10 ಸೋಲು. ನಾಲ್ಕು ಪಂದ್ಯಕ್ಕೆ ಒಟ್ಟು 6 ಇಂಟರ್‌ಸೆಪ್ಷನ್. ಕೊನೇ ಕಾಲಂ ತುಂಬಾ ‘ಹೌದು, ಬಂದಿತ್ತು’. ಭಾವನಿಗೆ ಕೈ ನಡುಗಿತಂತೆ. ಹಳೇ ತೀರ್ಪೇ ಸರಿ ಇರಬಹುದಾ?

ಅಲ್ಲಿಂದಾಚೆಗೆ ಸೀಸನ್ನಿನ ಉಳಿದ 12 ಪಂದ್ಯಗಳಲ್ಲಿ ಅವನು ಎಸೆದದ್ದು 3 ಇಂಟರ್‌ಸೆಪ್ಷನ್ ಮಾತ್ರ.

ಈ ಸಂಖ್ಯೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ವರ್ಷದ ಕೊನೆಗೆ ಅವನ ಪಾಸ್ ಮುಟ್ಟಿದ ಲೆಕ್ಕ ನೂರಕ್ಕೆ 58.8. ಆಗಲೂ ಲೀಗಿನಲ್ಲಿ ಕೆಳಗಿನ ಸಾಲೇ. ಆ ಅಂಕಿ ಒಂದನ್ನೇ ನೋಡಿದವರು ‘ಏನೂ ಬದಲಾಗಿಲ್ಲ’ ಅಂದರು. ಭಾವನ ನೋಟ್‌ಬುಕ್ ಬೇರೆ ಹೇಳುತ್ತಿತ್ತು. ಹತ್ತಿರದವನಿಗೆ ಎಸೆಯುತ್ತಿದ್ದಾನೆ. ದಾರಿ ಇಲ್ಲದಿದ್ದರೆ ಗೆರೆ ಆಚೆ ಎಸೆದು ಸುಮ್ಮನಾಗುತ್ತಿದ್ದಾನೆ. ಮೊದಲು ತಿದ್ದಿಕೊಳ್ಳುವುದು ಆಯ್ಕೆ, ಗುರಿ ಆಮೇಲೆ ಬರುತ್ತದೆ, ಅಂಕಿ ಕೊನೆಗೆ ಬರುತ್ತದೆ. ಈ ಪ್ರಕರಣದಿಂದ ನಾನು ಇಟ್ಟುಕೊಂಡಿರುವ ಮಾತು ಇದೇ. ಅಂಕಿಗೆ ಕಾದು ಕೂತರೆ ನಾವು ಒಂದು ವರ್ಷ ಹಿಂದೆ ಇರುತ್ತೇವೆ.

2020ರ ಜನವರಿ 4, ಹ್ಯೂಸ್ಟನ್‌ನಲ್ಲಿ ಪ್ಲೇಆಫ್. 16-0 ಮುಂದಿದ್ದ ತಂಡ ಹೆಚ್ಚುವರಿ ಸಮಯದಲ್ಲಿ 22-19 ಸೋತಿತು. ಕೊನೇ ನಿಮಿಷಗಳಲ್ಲಿ ಆ್ಯಲನ್ ಹಾದಿ ತಪ್ಪಿದ. ಒಂದು ಸಲ ಹಿಂದೆ ಹಿಂದೆ ಓಡಿ 19 ಯಾರ್ಡ್ ಕಳೆದುಕೊಂಡ. ಇನ್ನೊಂದು ಸಲ ಚೆನ್ನಾಗಿ ಓಡಿದವನು ಬೀಳುವ ಮುಂಚೆ ಚೆಂಡನ್ನು ಪಕ್ಕದವನ ಕಡೆ ಸುಮ್ನೆ ಚಿಮ್ಮಿಸಿದ. ಭಾವ ಅವತ್ತು ಏನೂ ಬರೆಯಲಿಲ್ಲ. ಮಾರನೇ ದಿನ ಬರೆದರು. ಕೊನೇ ಕಾಲಂನಲ್ಲಿ: ‘ಇಲ್ಲ. ಇದು ಹೊಸದು. ಎಲ್ಲ ನಾನೇ ಮಾಡಬೇಕು ಅನ್ನೋ ಆತುರ.’

ಮಾರ್ಚ್‌ನಲ್ಲಿ ತಂಡ ತನ್ನ ಮೊದಲ ಸುತ್ತಿನ ಆಯ್ಕೆಯನ್ನೂ ಇನ್ನಷ್ಟನ್ನೂ ಮಿನೆಸೋಟಾಗೆ ಕೊಟ್ಟು ಸ್ಟೆಫನ್ ಡಿಗ್ಸ್ ಅನ್ನುವ ರಿಸೀವರ್‌ನನ್ನು ತಂದಿತು. ಭಾವ ವಿರೋಧಿಸಿದ್ದರು, ‘ಅಷ್ಟು ಬೆಲೆ ಯಾಕೆ’ ಅಂತ. ಡಿಗ್ಸ್ ಆ ವರ್ಷ 127 ಕ್ಯಾಚ್, 1,535 ಯಾರ್ಡ್ ಮಾಡಿ ಎರಡರಲ್ಲೂ ಲೀಗಿಗೇ ಮೊದಲಿಗನಾದ. ಆ್ಯಲನ್ ಪಾಸ್ ಲೆಕ್ಕ 69.2ಕ್ಕೆ ಏರಿತು. 37 ಟಚ್‌ಡೌನ್, 10 ಇಂಟರ್‌ಸೆಪ್ಷನ್. ತಂಡ 13 ಗೆದ್ದು 3 ಸೋತು, 1995ರ ನಂತರ ಮೊದಲ ಸಲ ತನ್ನ ವಿಭಾಗ ಗೆದ್ದಿತು.

ಆ ವರ್ಷದ ಒಂದು ಪಂದ್ಯ ಹೇಳಲೇಬೇಕು. ರ‍್ಯಾಮ್ಸ್ ಎದುರು 28-3 ಮುಂದಿದ್ದು 32-28 ಹಿಂದೆ ಬಿದ್ದರು. ಹ್ಯೂಸ್ಟನ್ನೇ ಮತ್ತೆ ಬಂದ ಹಾಗೆ. ಈ ಸಲ ಹುಡುಗ ಆತುರ ಪಡಲಿಲ್ಲ. ನಾಲ್ಕನೇ ಡೌನ್‌ನಲ್ಲಿ, ಅಂದರೆ ಕೊನೇ ಅವಕಾಶದಲ್ಲಿ, ಅವನ ಪಾಸ್ ಕೆಳಗೆ ಬಿತ್ತು, ಆದರೆ ಅಂಪೈರ್ ಫ್ಲ್ಯಾಗ್ ಎಸೆದು ಎದುರಾಳಿ ಮೇಲೆ ತಪ್ಪು ಕೊಟ್ಟರು. 15 ಸೆಕೆಂಡು ಉಳಿದಾಗ ಟೈಲರ್ ಕ್ರಾಫ್ಟ್‌ಗೆ ಟಚ್‌ಡೌನ್, 35-32. ಆ ತೀರ್ಪಿನ ಬಗ್ಗೆ ಜಗಳ ಆಯಿತು. ಭಾವ ನನಗೆ ಹೇಳಿದರು: ‘ಫ್ಲ್ಯಾಗ್ ಬೀಳದೆ ಸೋತಿದ್ದರೂ ನಾನು ಇದೇ ಬರೀತಿದ್ದೆ. ಅವನು ನೋಡಿದ ಜಾಗ ಸರಿ ಇತ್ತು.’ 2018ರ ಭಾವ ಈ ಮಾತು ಆಡುತ್ತಿರಲಿಲ್ಲ.

ಎರಡನೇ ತಪ್ಪು

2021ರಲ್ಲಿ ನ್ಯೂಯಾರ್ಕ್ ಜೆಟ್ಸ್ ಎರಡನೇ ಆಯ್ಕೆಯಾಗಿ ಝ್ಯಾಕ್ ವಿಲ್ಸನ್‌ನನ್ನು ತಂದಿತು. ನ್ಯೂಜೆರ್ಸಿಯಲ್ಲಿ ಭಾವನ ಗೆಳೆಯರೊಬ್ಬರಿದ್ದಾರೆ, ಅವರೂ ಕನ್ನಡದವರೇ, ಜೆಟ್ಸ್ ಕಡೆಯವರು. ಎರಡನೇ ಪಂದ್ಯದಲ್ಲೇ ವಿಲ್ಸನ್ ನ್ಯೂ ಇಂಗ್ಲೆಂಡ್ ಎದುರು 4 ಇಂಟರ್‌ಸೆಪ್ಷನ್ ಎಸೆದಾಗ ಆ ಗೆಳೆಯರು ಕಂಗಾಲಾದರು. ಭಾವ ಫೋನ್ ಮಾಡಿ ಧೈರ್ಯ ಹೇಳಿದರು. ‘ಮೂರು ವರ್ಷ ಕೊಡ್ರಿ. ನಮ್ಮವನೂ ಹಿಂಗೇ ಇದ್ದ.’

ಭಾವ ಒಳ್ಳೇ ಮನಸ್ಸಿಂದಲೇ ಹೇಳಿದ್ದು. ಆದರೆ 2022ರಲ್ಲೂ ವಿಲ್ಸನ್ ಪಾಸ್ ಲೆಕ್ಕ ನೂರಕ್ಕೆ 54.5. ಅಕ್ಟೋಬರ್ 30ರಂದು ಅದೇ ನ್ಯೂ ಇಂಗ್ಲೆಂಡ್ ಎದುರು 3 ಇಂಟರ್‌ಸೆಪ್ಷನ್. ನವೆಂಬರ್ 20ರಂದು ಮತ್ತೆ ಅದೇ ತಂಡ, 22 ಪಾಸ್‌ನಲ್ಲಿ 9 ಮುಟ್ಟಿತು, 77 ಯಾರ್ಡ್, 10-3 ಸೋಲು. ಡಿಫೆನ್ಸ್‌ನವರಿಗೆ ನಿಮ್ಮಿಂದ ಮೋಸ ಆಯಿತು ಅನಿಸುತ್ತಾ ಅಂತ ವರದಿಗಾರರು ಕೇಳಿದರೆ ‘ಇಲ್ಲ’ ಅಂದ. ಮುಂದಿನ ಪಂದ್ಯಕ್ಕೆ ಅವನನ್ನು ಕೂರಿಸಿದರು. 2024ರ ಏಪ್ರಿಲ್‌ನಲ್ಲಿ ಡೆನ್ವರ್‌ಗೆ ಕೊಟ್ಟರು.

ಆ್ಯಲನ್ ಕಥೆಯಿಂದ ಭಾವ ‘ತಾಳ್ಮೆ ಬೇಕು’ ಅನ್ನುವುದನ್ನು ಎತ್ತಿಕೊಂಡಿದ್ದರು. ತಾಳ್ಮೆ ಯಾವಾಗ ಫಲ ಕೊಟ್ಟಿತು ಅನ್ನುವುದನ್ನು ಬಿಟ್ಟಿದ್ದರು. ಬಫಲೋದಲ್ಲಿ ಗೋಡೆ ಕಟ್ಟಿದರು, ಕೋಚ್ ಉಳಿದರು, ರಿಸೀವರ್‌ಗಳು ಬಂದರು, ಹುಡುಗ ಕಾಲು ತಿದ್ದಿಕೊಂಡ. ಅದರಲ್ಲಿ ಎಷ್ಟು ಪಾಲು ಯಾವುದರದು ಅಂತ ಒಂದು ಪ್ರಕರಣದಿಂದ ಹೇಳಲು ಬರುವುದಿಲ್ಲ. ಅದೇ 2018ರ ಡ್ರಾಫ್ಟ್‌ನಲ್ಲಿ ಮೂರನೇ ಆಯ್ಕೆಯಾಗಿದ್ದ ಸ್ಯಾಮ್ ಡಾರ್ನಲ್ಡ್ ಜೆಟ್ಸ್‌ನಲ್ಲಿ ಸೋತ, ಕೆರೊಲಿನಾದಲ್ಲಿ ಸೋತ, 2024ರಲ್ಲಿ ಮಿನೆಸೋಟಾಗೆ ಹೋಗಿ 14 ಪಂದ್ಯ ಗೆದ್ದ. ಅವನ ಬಗ್ಗೆ ಯಾವ ವರ್ಷ ತೀರ್ಪು ಕೊಟ್ಟಿದ್ದರೆ ಸರಿ ಇರುತ್ತಿತ್ತು? ಭಾವನನ್ನೂ ಕೇಳಿದೆ. ಅವರು ತಲೆ ಆಡಿಸಿದರು, ಮಾತಾಡಲಿಲ್ಲ.

ಹೋದ ಸಲ ಅವರ ಮನೆಗೆ ಹೋದಾಗ ವಿಲ್ಸನ್ ಪುಟಗಳನ್ನು ತೋರಿಸಿದರು. ಗೆಳೆಯರಿಗೋಸ್ಕರ ಅವನ ಪಂದ್ಯಗಳನ್ನೂ ಬರೆದಿಟ್ಟಿದ್ದರಂತೆ. ಒತ್ತಡ ಬಂದ ಕೂಡಲೇ ಹಿಂದಕ್ಕೆ ಜಾರುತ್ತಾನೆ, ಕಾಲು ಊರದೆ ಎಸೆಯುತ್ತಾನೆ, ಅಂತ ಸಾಲು ಸಾಲಾಗಿ ಇತ್ತು. ಕೊನೇ ಕಾಲಂ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಓದಿದರು. ಬಂದಿತ್ತು. ಬಂದಿತ್ತು. ಬಂದಿತ್ತು. ‘ನನ್ನ ಕೈಯಾರೆ ಬರೆದಿದ್ದೀನಿ, ನೋಡು’ ಅಂದರು. ‘ಫೋನ್ ಮಾಡೋ ಮುಂಚೆ ಒಂದ್ಸಲ ಓದಿಕೊಳ್ಳಬೇಕಿತ್ತು.’